ನೆಲ ಒರೆಸಿದ್ದು ಯಾರು

ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿ ಹಾಕುವ ಅವಳು ಬರೆದ ಮೊದಲ ಕಥೆಯಲ್ಲಿ ಗಂಡ ಹೆಂಡತಿಯ ಮುಖಕ್ಕೆ ಅನ್ನದ ತಟ್ಟೆ ಎಸೆಯುತ್ತಿದ್ದ. ಮುಂದಿನ ಸಾಲಿನಲ್ಲಿ ಬೆಳಗಾಗುತ್ತಿತ್ತು. ಭಾನುವಾರ ಲೈಬ್ರರಿಯಲ್ಲಿ ಕಥೆ ಬರೆಯುವುದನ್ನು ಹೇಳಿಕೊಡುತ್ತಿದ್ದ ಟೀಚರ್ ಅದನ್ನು ಓದಿ ಕೇಳಿದರು: "ಆ ನೆಲ ಯಾರಮ್ಮ ಒರೆಸಿದ್ದು?"

ಹೆಂಡತಿ, ಇನ್ಯಾರು, ಎಂದು ಅವಳು ನಕ್ಕಳು. ಅದನ್ನೂ ಬರೆಯಬೇಕೆಂದು ಹೊಳೆದೇ ಇರಲಿಲ್ಲ. ಹೊಡೆತ ಕಥೆ, ಒರೆಸುವುದು ಕೆಲಸ ಅಂದುಕೊಂಡಿದ್ದಳು.

"ಎಸೆಯೋಕೆ ಒಂದು ಕ್ಷಣ ಸಾಕು. ಆಮೇಲಿಂದು ಬರಿ," ಎಂದರು ಟೀಚರ್. "ಅಳು, ನೋವು ಅನ್ನೋ ಮಾತೆಲ್ಲ ತೆಗೆದುಹಾಕು. ಕೈ ಏನು ಮಾಡ್ತು, ಅಷ್ಟೇ ಹೇಳು."

ವಾರವಿಡೀ ಬರೆದಳು, ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತಿನಲ್ಲಿ, ಕುಕ್ಕರ್ ಕೂಗುವುದರೊಳಗೆ. ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿದ್ದಂತೆಯೇ ನೆಲದ ಅನ್ನ ಬಳಿದದ್ದು, ರಕ್ತ ಬಿದ್ದಲ್ಲಿ ಮತ್ತೆ ಒರೆಸಿದ್ದು, ಕೂದಲೊಳಗೆ ಉಳಿದ ಅಗುಳು ಮರುದಿನ ಯಾರದೋ ಬಿಳಿ ಅಂಗಿಯ ಮೇಲೆ ಉದುರಿದ್ದು. ಖುಷಿ ತಡೆಯಲಾರದೆ ಗಿರಾಕಿಯೊಬ್ಬಳಿಗೆ ಓದಿ ಹೇಳಿದಳು. ಅದೇ ತಪ್ಪಾಯಿತು. ಗಿರಾಕಿ ತನ್ನ ಗಂಡನ ಕಿವಿಗೆ ಹಾಕಿದಳು. ಅವನು ಇವಳ ಗಂಡ ಓಡಿಸುವ ಬಸ್ಸು ಹತ್ತಿದವನೇ, ಡ್ರೈವರ್ ಸಾಹೇಬರು ಕಥಾನಾಯಕರಂತೆ ಎಂದು ಎಲ್ಲರೆದುರು ಕೆಣಕಿದ.

ಸಂಜೆ ಬಂದ ಗಂಡ ಹಾಳೆಗಳನ್ನು ಉರಿಯುವ ಒಲೆಗೆ ಹಿಡಿದ. ಕಿತ್ತುಕೊಳ್ಳಲು ಹೋದವಳ ಜುಟ್ಟು ಹಿಡಿದು ಗೋಡೆಗೆ ಬಡಿದ. ಅವಳ ಬಲಗೈಯನ್ನು ಅಡುಗೆಕಟ್ಟೆಯ ಮೇಲೆ ಒತ್ತಿ ಹಿಡಿದು ಲಟ್ಟಣಿಗೆ ಎತ್ತಿದ. ಎರಡನೆಯ ಏಟಿಗೆ ಬೆರಳೊಳಗೆ ಏನೋ ಲಟಕ್ಕೆಂದಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಕೈಗೆ ಹೊಡೀಬೇಡ್ವೋ, ನಾಳೆ ಅಡುಗೆ ಯಾರು ಮಾಡ್ತಾರೆ?" ಎಂದಳು.

ಮುಂದಿನ ಭಾನುವಾರ ಅವಳು ಕೈಗೆ ಪಟ್ಟಿ ಕಟ್ಟಿಕೊಂಡು, ಊದಿದ ಕಣ್ಣಲ್ಲಿ ಟೀಚರ್ ಮುಂದೆ ಕುಳಿತಳು. ಪೊಲೀಸರ ಹತ್ತಿರ ಹೋಗೋಣ ನಡಿ ಎಂದು ಅವರು ಎದ್ದೇಬಿಟ್ಟರು. ಹೋಗೋಣ, ಮೊದಲು ಇದನ್ನು ಬರೆದುಕೊಳ್ಳಿ, ಸುಟ್ಟದ್ದೆಲ್ಲ ಇನ್ನೂ ಬಾಯಲ್ಲಿದೆ ಎಂದಳು. ತಟ್ಟೆಯಿಂದ ಶುರುಮಾಡಿ ಲಟ್ಟಣಿಗೆಯವರೆಗೆ ಬಿಡದೆ ಹೇಳಿದಳು. ಅತ್ತೆಯ ಮಾತು ಬಂದಾಗ ಟೀಚರ್ ಪೆನ್ನು ಒಂದು ಗಳಿಗೆ ನಿಂತು, ಮುಂದೆ ಹೋಯಿತು.

"ಕೊನೆಗೆ ಅವಳು ಏನು ಮಾಡ್ತಾಳೆ?" ಎಂದು ಕೇಳಿದರು.

ಅವಳು ಗೋಡೆಯ ಗಡಿಯಾರ ನೋಡಿದಳು. ಮನೆಯಲ್ಲಿ ಇಷ್ಟು ಹೊತ್ತಾದರೂ ಯಾರೂ ಒಲೆ ಹಚ್ಚಿರುವುದಿಲ್ಲ. ಹಸಿದುಕೊಂಡು, ಬೈದುಕೊಂಡು ಅವಳ ದಾರಿ ಕಾಯುತ್ತಿರುತ್ತಾರೆ.

"ಅಕ್ಕನ ಮನೆಗೆ ಹೋಗ್ತಾಳೆ ಅಂತ ಬರ್ಕೊಳ್ಳಿ," ಎಂದಳು. ಆಮೇಲೆ ಎಡಗೈ ಚಾಚಿದಳು. "ನಿಮ್ಮ ಫೋನ್ ಕೊಡಿ ಟೀಚರ್. ಅಕ್ಕನಿಗೂ ಹೇಳ್ಬೇಕಲ್ಲ."