ಕಂಪ್ಯೂಟರನ್ನು ಕನ್ನಡಕ್ಕೆ ಹಾಕಿದ್ದು

ಮೊಮ್ಮಗಳ ಕಣ್ಣು ಉಳಿಯುವುದಿಲ್ಲ ಎಂದು ಯಾದಗಿರಿಯ ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಆ ಕೆಲಸ ಸೊಸೆ ಮಾಡುತ್ತಿದ್ದಳು. ಮೊದಲು ಅಕ್ಕಪಕ್ಕದ್ದು ಕಾಣದಾಗುತ್ತದೆ, ಕೊಳವೆಯಲ್ಲಿ ಹಣಿಕಿ ನೋಡಿದಂತೆ ನಡುವಿನದಷ್ಟೇ ಉಳಿಯುತ್ತದೆ, ಆಮೇಲೆ ಅದೂ ಹೋಗುತ್ತದೆ ಎಂದರು. ಔಷಧ ಇಲ್ಲವಂತೆ. ಹುಡುಗಿಗೆ ಶಹಾಪುರದ ಕಾಲೇಜಿನಲ್ಲಿ ಕೊನೆಯ ವರ್ಷದ ಪರೀಕ್ಷೆ ಬಾಕಿ ಇತ್ತು.

ನಮ್ಮೂರು ಗೋಗಿಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಕೂತಳು. ಪಾಠಗಳೆಲ್ಲ ಅದರೊಳಗೇ ಇದ್ದವು.

"ಆಯಿ, ಇಲ್ಲಿ ಬಾ. ಇದನ್ನ ಕನ್ನಡಕ್ಕ ಹಾಕಾಕತ್ತೇನಿ."

"ನಿನಗ ಇಂಗ್ಲಿಷ್ ಬರ್ತದಲ್ಲ. ಮತ್ಯಾಕ?"

"ನನಗ ಬರ್ತದ. ನಿನಗ ಬರಂಗಿಲ್ಲಲ್ಲ."

ಆಗ ತಿಳಿಯಿತು. ಮಗ ಹತ್ತಿ ಮಿಲ್ಲಿಗೆ ಹೋಗುತ್ತಾನೆ, ಸೊಸೆ ಗದ್ದೆ ಕೆಲಸಕ್ಕೆ. ಹಗಲು ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಕನ್ನಡವನ್ನು ಅಕ್ಷರ ಕೂಡಿಸಿ ಓದಬಲ್ಲೆ, ಅಷ್ಟೆ. ಕಣ್ಣು ಹೋದಮೇಲೆ ಕಂಪ್ಯೂಟರೇ ಪಾಠ ಓದಿ ಹೇಳುತ್ತದಂತೆ. ಆದರೆ ಆ ದನಿ ಒಮ್ಮೊಮ್ಮೆ ನಿಂತುಬಿಡುತ್ತದೆ. ನಿಂತಾಗ ಪರದೆಯ ಮೇಲೆ ಏನಿದೆ ಎಂದು ಹೇಳುವವರು ಬೇಕು.

ಸೆಟ್ಟಿಂಗ್ ಎನ್ನುವ ಹಲ್ಲಿನ ಗಾಲಿಯ ಚಿತ್ರ ಒತ್ತಿದಳು. ಗಡಿಯಾರದ ಚಿತ್ರ ಇದ್ದಲ್ಲಿ ಹೋದಳು. ಭಾಷೆ ಕನ್ನಡ ಮಾಡಿದಳು, ದೇಶ ಭಾರತ ಎಂದು ಕೊಟ್ಟಳು.

"ಗೋಗಿ ಕೇಳಲಿಲ್ಲೇನು?"

"ಅಷ್ಟು ಸಣ್ಣೂರು ಅದಕ್ಕ ಗೊತ್ತಿಲ್ಲ, ಆಯಿ."

ಯಂತ್ರ ಆರಿ ಹತ್ತಿತು. ನಾನು ಓದಿದೆ. ಪ್ರ-ದ-ರ್ಶ-ನ ಭಾಷೆ.

"ಇದೇನಿದು, ಸರ್ಕಸ್ಸೇನು?"

"ಕಾಣಾ ಭಾಷಿ ಅಂತ ಅದರ ಅರ್ಥ. ಓದು ಸುಮ್ಮ."

ಅಂದಿನಿಂದ ದಿನಾ ಅವಳ ಕಣ್ಣಿಗೆ ನನ್ನ ಹಳೆಯ ಸೀರೆಯ ತುಂಡು ಕಟ್ಟಿ ಕೂರಿಸಿದೆ. ಕಣ್ಣಿರುವಾಗಲೇ ಕುರುಡು ಕಲಿತುಕೋ ಎಂದೆ. ಸೊಸೆ ನನ್ನನ್ನು ಬೈದಳು, ಅಪಶಕುನ ಎಂದಳು. ಹುಡುಗಿ ಬಟ್ಟೆ ಬಿಚ್ಚಲಿಲ್ಲ. ಕೆಲವು ತಿಂಗಳಿಗೆ ಬಟ್ಟೆಯ ಅಗತ್ಯವೇ ಉಳಿಯಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಯಂತ್ರ ತಾನೇ ಆರಿತು. ಏನೋ ಹೊಸದು ತುಂಬಿಕೊಂಡು ಹತ್ತಿತು. ದನಿ ಇಲ್ಲ. ಅವಳ ಬೆರಳು ಕೀಲಿಗಳ ಮೇಲೆ ನಿಂತವು.

"ಏನ್ ಕಾಣ್ತದ?"

"ಎಲ್ಲಾ ಇಂಗ್ಲಿಷ್."

ಪಾಠ ಅರ್ಧಕ್ಕೆ ನಿಂತಿತ್ತು. ಇವತ್ತು ಸುರಪುರದ ರಿಪೇರಿ ಅಂಗಡಿಗೆ ಒಯ್ದು ಕೊಟ್ಟರೆ ಮತ್ತೆ ಯಾವಾಗ ಸಿಗುತ್ತದೋ ಯಾರಿಗೆ ಗೊತ್ತು.

"ಹಲ್ಲಿನ ಗಾಲಿ ಹುಡುಕು," ಎಂದಳು. ಸಿಕ್ಕಿತು. ಗಡಿಯಾರವೂ ಸಿಕ್ಕಿತು. ಅಲ್ಲಿಂದ ಅವಳು ಹೇಳಿದ ಕಡೆ ಒತ್ತುತ್ತ ಹೋದೆ. ಎಡವಿದಾಗಲೆಲ್ಲ ಹಿಂದೆ ಬಂದು ಮತ್ತೆ ಒತ್ತಿದೆ. ಕಡೆಗೆ ಭಾಷೆಗಳ ಸಾಲು ತೆರೆಯಿತು. ಇರುವೆ ಹರಿದಂತಹ ಅಕ್ಷರ, ಬಳ್ಳಿಯಂತಹ ಅಕ್ಷರ, ನನ್ನದಲ್ಲದ ಲಿಪಿಗಳೇ ಎಲ್ಲ. ಒಂದೊಂದು ಭಾಷೆಯ ಹೆಸರನ್ನು ಅದರದೇ ಅಕ್ಷರದಲ್ಲಿ ಬರೆದಿದ್ದರು. ಕೆಳಗೆ ಸರಿಸುತ್ತ ಹೋದೆ. ಮಬ್ಬು ಮಬ್ಬಾಗಿ ಕನ್ನಡ ಎಂದು ಕಂಡಿತು.

ಒತ್ತಿದೆ. ಯಂತ್ರ ಆರಿ ಹತ್ತಿ ಎಲ್ಲ ಕನ್ನಡವಾದಮೇಲೆ "ನಿ-ರೂ-ಪ-ಕ" ಎಂದು ಓದಿದೆ.

"ಅದ ದನಿದು. ಒತ್ತು."

ಯಂತ್ರ ಬಾಯಿ ಬಿಟ್ಟಿತು. ಅವಳು ಪಾಠಕ್ಕೆ ತಿರುಗಿದಳು.

ಮಬ್ಬು ಪರದೆಯದಲ್ಲ ಎಂಬುದು ನನಗೆ ಗೊತ್ತಿತ್ತು. ಮುಚ್ಚಿಡುವುದು ನನಗೆ ಬರುವುದಿಲ್ಲ.

"ನನ್ನ ಕಣ್ಣಿಗೂ ಪೊರಿ ಬಂದದ."

"ಆಪರೇಷನ್ ಮಾಡಿಸ್ಕೊ. ಪರೀಕ್ಷಾ ಮುಗಿಯೋತನ ನೀ ಬೇಕು."

"ನಾ ಸತ್ತರ?"

ಅವಳು ಯಂತ್ರದ ದನಿ ತಗ್ಗಿಸಿದಳು.

"ಸಾಯೋಕಿಂತ ಮೊದಲ ತಿರುಗಾ ಇಂಗ್ಲಿಷಿಗಿ ಹಾಕಿ ಹೋಗು," ಎಂದಳು. "ನೀ ಇಲ್ಲಂದ್ರ ನಾ ಹಾಸ್ಟೆಲ್‌ನ್ಯಾಗ ಇರಬೇಕಾಗ್ತದ. ಅಲ್ಲಿ ಹುಡುಗ್ಯಾರಿಗಿ ನನಗ ಓದಿ ಹೇಳಾಕ ಅದೇ ಸಸಾರ."

ಎಲ್ಲಿ ಒತ್ತಬೇಕು ಹೇಳು ಎಂದೆ. ಹೇಳಿದಳು. ಅದನ್ನೂ ಕಲಿತೆ.