ಹುಬ್ಬಳ್ಳಿಯವರೆಗೆ

ಆಗೆಲ್ಲ ರೈಲ್ವೆಯವರು ವರ್ತುಲ ಪ್ರವಾಸದ ಟಿಕೀಟು ಅಂತ ಒಂದು ಕೊಡುತ್ತಿದ್ದರು. ಹೊರಟ ಊರಿಗೇ ಮರಳಿ ಬರುವಂಥ ದಾರಿಯನ್ನು ನಾವೇ ಬರೆದುಕೊಟ್ಟರೆ, ಇಷ್ಟು ದಿನ ಅಂತ ಮುದ್ದತ್ತು ಹಾಕಿ ಇಡೀ ದಾರಿಗೆ ಒಂದೇ ಟಿಕೀಟು. ನಡುವಿನ ಊರುಗಳಲ್ಲಿ ಇಳಿದು, ನೋಡಿ, ಮತ್ತೆ ಹತ್ತಬಹುದು. ಎಂಬತ್ತರ ದಶಕದ ಮಾತು. ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ವೇಳಾಪಟ್ಟಿಯ ಪುಸ್ತಕದಲ್ಲಿ ಈ ಸಂಗತಿ ಓದಿದ್ದೇ ತಡ, ನಕಾಶೆ ಹರಡಿಕೊಂಡು ಕೂತೆ. ರಾಯಬಾಗ, ಬೆಳಗಾವಿ, ಲೋಂಡಾ, ಹುಬ್ಬಳ್ಳಿ, ಗದಗ, ಬದಾಮಿ, ವಿಜಾಪುರ, ಸೊಲ್ಲಾಪುರ, ಕುರ್ಡುವಾಡಿ, ಪಂಢರಪುರ, ಮಿರಜ, ಮತ್ತೆ ರಾಯಬಾಗ. ಪೆನ್ಸಿಲಿನ ಗೆರೆ ಬಳೆಯ ಹಾಗೆ ಕೂಡಿಕೊಂಡಿತು. ಭಲೇ ಮಾಸ್ತರ, ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜತೆಗೆ ಬರುವವಳು ಅವ್ವ. ಅವಳಿಗೆ ಈ ತಿರುಗಾಟ ಬೇಕಾಗಿದ್ದು ಬೇರೆ ಕಾರಣಕ್ಕೆ. ನಾವು ಜೈನರು, ರಾಯಬಾಗದ ಹತ್ತಿರ ಹೊಲ ಮಾಡಿಕೊಂಡಿದ್ದ ಮನೆತನ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದೊಂದೇ ವ್ರತ ಹಿಡಿಯುತ್ತ ಬಂದಿದ್ದಳು. ಆ ವರ್ಷದ ಚಾತುರ್ಮಾಸಕ್ಕೆ ಕಾಗವಾಡದ ಕಡೆ ಮುನಿಗಳೊಬ್ಬರು ತಂಗುವವರಿದ್ದರು. ಅವರ ಮುಂದೆ ದಿಗ್ವ್ರತ ತೆಗೆದುಕೊಳ್ಳುವುದೆಂದು ಗಟ್ಟಿ ಮಾಡಿದ್ದಳು. ದಿಕ್ಕುದಿಕ್ಕಿಗೂ ಒಂದು ಮೇರೆ ಹಾಕಿಕೊಂಡು, ಜೀವ ಇರುವ ತನಕ ಅದನ್ನು ದಾಟದೆ ಇರುವ ವ್ರತ ಅದು.

“ಮ್ಯಾರಿ ಹಾಕೂಕಿಂತ ಮೊದಲ ಒಮ್ಮಿ ನೋಡಿ ಬರ್ತೀನೋ ತಮ್ಮಾ. ನೋಡದ ಊರಿನ ಆಸೆ ಒಳಗಿಟಗೊಂಡು ಎಂಥಾ ವ್ರತ?” ಅಂದಿದ್ದಳು.

ಅವಳ ಆಸೆಯ ಊರು ಒಂದೇ, ಹಾವೇರಿ. ಅಲ್ಲಿ ಅವಳ ಅಕ್ಕ ಇದ್ದಳು, ನನ್ನ ದೊಡ್ಡವ್ವ. ಅಜ್ಜ ಅಜ್ಜಿ ಹೋದ ಮೇಲೆ ದೊಡ್ಡವ್ವನಿಗೆ ತವರು ಅಂದರೆ ನಮ್ಮ ಮನೆಯೇ. ನಾಗರ ಪಂಚಮಿ ಬಂತೆಂದರೆ ಉಂಡಿಯ ಡಬ್ಬಿ ಹಿಡಿದುಕೊಂಡು ಅವಳೇ ಬರುತ್ತಿದ್ದಳು. ಅವ್ವ ಮಾತ್ರ ಅಕ್ಕನ ಮನೆಯ ಹೊಸ್ತಿಲು ತುಳಿದವಳಲ್ಲ. ಎಮ್ಮೆ, ಹೊಲ, ಅಪ್ಪನ ಜಡ್ಡು, ಪ್ರತಿ ಸಲ ಏನೋ ಒಂದು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ದಾರಿ ಬರೆಯುವಾಗ ಹಾವೇರಿ ನೆನಪಿಗೇ ಬರಲಿಲ್ಲ. ಬಳೆ ಕೂಡಿದ ಸಂಭ್ರಮದಲ್ಲಿದ್ದೆ. ಅವ್ವನೂ ಬಾಯಿ ಬಿಡಲಿಲ್ಲ. ನಾನು ಓದಿ ಹೇಳಿದ ಹೆಸರುಗಳಲ್ಲಿ ಹುಬ್ಬಳ್ಳಿ ಬಂತಲ್ಲ, ಅದನ್ನಷ್ಟೇ ಹಿಡಿದುಕೊಂಡಿದ್ದಳು.

ಹುಬ್ಬಳ್ಳಿಯಲ್ಲಿ ಇಳಿದೆವು. ಅವ್ವ ಸ್ಟೇಶನ್ನಿನ ನಳದ ಬಾಯಿಗೆ ಬಿಳಿ ಬಟ್ಟೆ ಹಿಡಿದು ತಂಬಿಗೆಗೆ ನೀರು ಸೋಸಿಕೊಂಡಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಲ್ಲ, ಬೆಂಚಿನ ಮೇಲೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ನಾನು ನನ್ನ ಕಾಗದ ನೋಡುತ್ತ ಕೂತಿದ್ದೆ. ಯಾವ ಗಾಡಿ, ಎಷ್ಟಕ್ಕೆ, ಎಲ್ಲಿ ಎಷ್ಟು ಹೊತ್ತು, ಎಲ್ಲ ಅದರಲ್ಲಿತ್ತು.

“ತಮ್ಮಾ, ಇಲ್ಲಿಂದ ಅಕ್ಕನ ಊರಿಗೆ ಬಸ್ಸಿಗೆ ಎರಡ ತಾಸಂತ. ಒಂದ ರಾತ್ರಿ ಇದ್ದ ಬರೂಣೇನು?”

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. “ಈಗ ಹೇಳ್ತೀ ಏನಬೇ? ಟಿಕೀಟಿನ ದಾರಿ ಬಿಟ್ಟ ಹೋಗಾಕ ಬರಂಗಿಲ್ಲ. ಮುದ್ದತ್ತ ಮುಗೀತಂದ್ರ ನಡು ದಾರ್ಯಾಗ ಇಳಿಸಿ ಬಿಡ್ತಾರ” ಅಂತ ಒದರಿದೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

ಅಂಥ ನೇಮ ಇರಲೇ ಇಲ್ಲ. ಊರಲ್ಲಿ ಇಳಿದವರು ಬಸ್ಸಿಗೆ ಎಲ್ಲಿಗೆ ಹೋಗಿ ಬಂದರೇನು, ರೈಲ್ವೆಯವರಿಗೆ ಏನು ಕೆಲಸ? ನನ್ನ ಕಾಗದ ಕೆಡುತ್ತಿತ್ತು, ಅಷ್ಟೇ. ಅವ್ವ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. “ಹಂಗಾರ ಬ್ಯಾಡ ಬಿಡು. ಪಂಚಮಿಗೆ ಅಕಿನ ಬರ್ತಾಳಲ್ಲ” ಅಂದಳು.

ಬದಾಮಿ ನೋಡಿದೆವು. ವಿಜಾಪುರದ ಗೋಳಗುಮ್ಮಟದ ಮೇಲೆ ಜನವೆಲ್ಲ ಕೂಗಿ ಕೂಗಿ ತಮ್ಮ ದನಿ ಕೇಳಿಸಿಕೊಳ್ಳುತ್ತಿದ್ದರು. ನೀನೂ ಏನರೆ ಕೂಗವ್ವಾ ಅಂತ ನಾನು ಗಂಟು ಬಿದ್ದೆ. ಅವಳು ನಾಚಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಸಣ್ಣಗೆ “ಅಕ್ಕಾ” ಅಂದಳು. ಗುಮ್ಮಟ ಅದನ್ನೇ ಮತ್ತೆ ಮತ್ತೆ ಅಂದಿತು. ನಾನೋ, ಗಾಡಿಗೆ ಹೊತ್ತಾಯಿತು ಅಂತ ಅವಸರ ಮಾಡಿದೆ.

ರಾಯಬಾಗದಲ್ಲಿ ಇಳಿದಾಗ ಸ್ಟೇಶನ್ ಮಾಸ್ತರರು ಟಿಕೀಟು ಇಸಿದುಕೊಂಡು ತಿರುವಿ ನೋಡಿದರು. “ಏನ್ರಿ ಮಾಸ್ತರ, ಮುದ್ದತ್ತಿಗೆ ಇನ್ನೂ ಎರಡ ದಿನ ಇದ್ದುವಲ್ರಿ. ಅಷ್ಟ್ಯಾಕ ಗಡಬಡಿಸಿ ಬಂದ್ರಿ?” ಅಂದರು. ಅವ್ವ ಪಕ್ಕದಲ್ಲೇ ಇದ್ದಳು. ನನ್ನ ಮುಖ ಬೆಂಕಿ ಹತ್ತಿದಂತೆ ಆಯಿತು. ಅವಳು ತಂಬಿಗೆ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.

ಚಾತುರ್ಮಾಸ ಬಂತು. ಮುನಿ ಮಹಾರಾಜರ ಮುಂದೆ ಅವ್ವ ಕೈ ಮುಗಿದು ಕೂತಳು, ನಾನು ಅವಳ ಹಿಂದೆ. “ಮೇರೆ ಎಲ್ಲೆಲ್ಲಿ?” ಅಂತ ಅವರು ಕೇಳಿದರು. ಅವ್ವ ನನ್ನ ಕಡೆ ತಿರುಗಿದಳು. “ನೀನ ಹೇಳಪಾ. ಕರಕೊಂಡ ತಿರಿಗ್ಯಾಡಿದಾಂವ ನೀನು.”

ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹುಡುಗರ ಹಾಗೆ ಒಪ್ಪಿಸಿದೆ. ಪಡುವಣಕ್ಕೆ ಬೆಳಗಾವಿ. ಮೂಡಣಕ್ಕೆ ಸೊಲ್ಲಾಪುರ. ಬಡಗಣಕ್ಕೆ ಕುರ್ಡುವಾಡಿ. ತೆಂಕಣಕ್ಕೆ ಹುಬ್ಬಳ್ಳಿ. ಹುಬ್ಬಳ್ಳಿ ಅಂದ ಮೇಲೂ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಊರು ಬರುತ್ತದೆ ಅಂತ ಕಾದಿದ್ದಳು ಅನ್ನುವುದು ಈಗ ನನಗೆ ಹಗಲಿನಷ್ಟು ಸ್ಪಷ್ಟ. ಆವತ್ತು ನಾನು, ದಿಕ್ಕು ಒಂದೂ ತಪ್ಪಲಿಲ್ಲ ನೋಡು ಅಂತ ಬೀಗುತ್ತ ಕೂತಿದ್ದೆ. ಮಹಾರಾಜರು, “ಒಪ್ಪಿಗೆ ಏನವ್ವಾ?” ಅಂದರು. ಅವಳು ತಲೆ ಬಾಗಿಸಿ ಹೌದು ಅಂದಳು.

ಆಮೇಲೂ ಏಳೆಂಟು ಪಂಚಮಿಗೆ ದೊಡ್ಡವ್ವ ಬಂದಳು. ಅವಳು ಬಂದಾಗಲೆಲ್ಲ ನನ್ನ ತಪ್ಪು ಮರೆತೇ ಹೋಗುತ್ತಿತ್ತು. ಒಂದು ವರ್ಷ ಅವಳಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಯಿತು, ಡಬ್ಬಿ ಬರಲಿಲ್ಲ. ಮುಂದೊಂದು ದಿನ ಅವಳ ಮಗ ಶಾಲೆಗೆ ಫೋನ್ ಮಾಡಿದ. “ಅವ್ವ ಒಂದ ಹಟ ಹಿಡದಾಳಪಾ. ತಂಗಿ ಮ್ಯಾರಿ ದಾಟಂಗಿಲ್ಲಂದ್ರ ನಾನ ಹುಬ್ಬಳ್ಳಿತನಕಾ ಹೋಗ್ತೀನಿ ಅಂತಾಳ. ಹೆಂಗೂ ದವಾಖಾನಿಗೆ ತೋರಸಬೇಕು. ನಾಡದ ಮುಂಜಾನೆ ಗಾಡಿಗೆ ಕರಕೊಂಡ ಬರ್ತೀನಿ, ಚಿಗವ್ವನ್ನ ಕರಕೊಂಡ ಬಾ.”

ಅಷ್ಟರಲ್ಲಿ ಹಳಿ ಅಗಲವಾಗಿತ್ತು, ಗಾಡಿಗಳು ಬದಲಾಗಿದ್ದವು. ಹಿಂದಿನ ದಿನವೇ ಹೋಗಿ ಹುಬ್ಬಳ್ಳಿಯಲ್ಲಿ ಉಳಿದುಕೊಂಡೆವು. ಅವ್ವ ಈ ಸಲ ತಾನೇ ಉಂಡಿ ಕಟ್ಟಿ ತಂದಿದ್ದಳು. ಪಂಚಮಿ ಅಲ್ಲ ಏನಲ್ಲ. ಮುಂಜಾನೆ ಪ್ಲಾಟ್‌ಫಾರ್ಮಿನ ಮೇಲೆ, ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ ಕೂತಳು. ಡಬ್ಬಿ ತೊಡೆಯ ಮೇಲೆ.

ಗಾಡಿ ಬಂತು. ದೊಡ್ಡವ್ವನ ಮಗನ ಪರವಾಗಿ ಅವರ ಪಕ್ಕದ ಮನೆಯವರೊಬ್ಬರು ಇಳಿದು ನಮ್ಮನ್ನು ಹುಡುಕಿಕೊಂಡು ಬಂದರು. ಅವರು ಬಾಯಿ ತೆರೆಯುವ ಮೊದಲೇ ಅವ್ವನಿಗೆ ತಿಳಿಯಿತು.

“ನಸುಕಿನ್ಯಾಗ ಹೋದ್ರರಿ,” ಅಂದರು ಅವರು. “ಹೊಸಾ ಸೀರಿ ಉಟ್ಟ ತಯಾರಾಗಿದ್ರು. ಸ್ಟೇಶನ್ನಿಗೆ ಬರಾಕ ಗಾಡಿ ಕರಸೂದ್ರಾಗ... ನೀವು ಬರ್ರಿ ಅವ್ವಾರ, ಮುಖಾ ನೋಡ್ರಿ. ನಿಮ್ಮ ಸಲುವಾಗಿ ತಡದಾರ.”

ನಾನು ಅವ್ವನ ಕಾಲು ಹಿಡಿದುಕೊಂಡೆ, ಜನ ನೋಡಲಿ ಬಿಡಲಿ. “ನಡಿಯವ್ವಾ. ಬರೇ ಎರಡ ತಾಸು. ವ್ರತ ಮುರದ ಪಾಪ ನನಗ ಬರಲಿ. ಮ್ಯಾರಿ ಹೇಳಿದಾಂವ ನಾನು, ತಪ್ಪ ಹೇಳೇನಿ” ಅಂತ ಅತ್ತೆ. ಐವತ್ತಕ್ಕೆ ಬಂದ ಮಾಸ್ತರ, ಸ್ಟೇಶನ್ನಿನ ನೆಲದ ಮೇಲೆ ಕೂತು ಅತ್ತೆ.

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲು ಆಗಲಿಲ್ಲ.

“ಈಗ ಬ್ಯಾಡೋ ತಮ್ಮಾ. ಅವತ್ತ ಎರಡ ದಿನ ಇದ್ದುವಲ್ಲ, ಅವತ್ತ ಹೋಗಬೇಕಾಗಿತ್ತು.”

ಉಂಡಿಯ ಡಬ್ಬಿಯನ್ನು ಆ ಹಾವೇರಿಯವರ ಕೈಗೆ ಕೊಟ್ಟಳು. ಮಧ್ಯಾಹ್ನದ ಗಾಡಿಗೆ ನಾವು ಹೊರಟೆವು. ಹೊತ್ತು ಮುಳುಗಲು ಬಂದರೂ ಅವ್ವ ರೊಟ್ಟಿಯ ಗಂಟು ಬಿಚ್ಚಲಿಲ್ಲ.