ಹಿಂದೆ ಹೋಗಿ, ಹಿಂದೆ ಖಾಲಿ ಇದೆ

ಸೂಪರ್ ಹೀರೋ ಎಂದರೆ ಏನೆಂದು ನನಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅವನು ನನ್ನ ಖಾಕಿ ಅಂಗಿ ಹಾಕಿಕೊಂಡಿದ್ದ.

ನಾನು ಖಾಸಗಿ ಬಸ್ಸಿನಲ್ಲಿ ಹದಿನೆಂಟು ವರ್ಷ ಕಂಡಕ್ಟರ್ ಆಗಿದ್ದವನು. ಆಮೇಲೆ ನಿವೃತ್ತಿಯವರೆಗೂ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಟೈಂ ಕೀಪರ್. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆಯುವುದು, ತಡವಾಗಿ ಬಂದವರನ್ನು ಬೈಯುವುದು ನನ್ನ ಕೆಲಸ. ಆ ಕೆಲಸವನ್ನು ನಾನು ಬಿಟ್ಟೆ, ಅಭ್ಯಾಸ ನನ್ನನ್ನು ಬಿಡಲಿಲ್ಲ. ಐದಕ್ಕೆ ಏಳುತ್ತೇನೆ. ಐದೂವರೆಗೆ ವಾಕಿಂಗ್, ಆರೂಮುಕ್ಕಾಲಿಗೆ ಸ್ನಾನ, ಎಂಟಕ್ಕೆ ತಿಂಡಿ. "ನಿಮಗೆ ಹಸಿವೆ ಅಂತ ಆಗೋದೇ ಇಲ್ಲ, ಬರೀ ಟೈಮ್ ಆಗ್ತದೆ" ಎಂದು ಹೆಂಡತಿ ಹೇಳುತ್ತಾಳೆ. ಹೇಳಲಿ. ಎಂಟು ಎಂದರೆ ಎಂಟು.

ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮೊಮ್ಮಗಳು ಸಾಗರದಲ್ಲಿ ಡಿಗ್ರಿ ಓದುತ್ತಾಳೆ. ಇರುವುದು ನಮ್ಮ ಮನೆಯಲ್ಲಿ. ಅವಳಿಗೆ ತಿಂಡಿಗೆ ಹೊತ್ತಿಲ್ಲ, ಮಲಗುವುದಕ್ಕೆ ಹೊತ್ತಿಲ್ಲ, ಚಿತ್ರ ಬರೆಯುವುದಕ್ಕೆ ಮಾತ್ರ ಯಾವಾಗಲೂ ಹೊತ್ತಿದೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹನ್ನೆರಡು ಪುಟ ಅವಳ ಕಾಮಿಕ್ಸಿಗೆ ಕೊಟ್ಟಿದ್ದರು. ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಶನಿವಾರ ಬೆಳಿಗ್ಗೆ ಅವಳು ಪ್ರಿಂಟ್ ಹಾಕಿಸಿದ ಹಾಳೆಗಳನ್ನು ನನ್ನ ದೋಸೆ ತಟ್ಟೆಯ ಪಕ್ಕ ಇಟ್ಟಳು.

"ಸಣ್ಣಜ್ಜ, ನನ್ನ ಹೀರೋ. ಹೆಸರು ಕಾಲನಿರ್ವಾಹಕ."

ನಿರ್ವಾಹಕ ಎಂದರೆ ಕಂಡಕ್ಟರ್. ಬಸ್ಸಿನ ಸೀಟಿನ ಮೇಲೆ ಬರೆದಿರುತ್ತದಲ್ಲ, ಅದೇ ಪದ. ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸೀಟಿ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಇಷ್ಟು ಹೊತ್ತಿಗೇ ನನಗೆ ಮುಜುಗರವಾಗತೊಡಗಿತ್ತು. ಆದರೂ ಕೇಳಿದೆ, "ಇವನ ಶಕ್ತಿ ಎಂತದು?"

"ಜನರನ್ನ ಕಾಲದಲ್ಲಿ ಹಿಂದಕ್ಕೆ ಕಳಿಸ್ತಾನೆ. ಹೆಂಗೆ ಹೇಳಿ ನೋಡುವ?"

ನನಗೆ ಗೊತ್ತಾಗಲಿಲ್ಲ. ಅವಳು ಎರಡನೆಯ ಪುಟ ತಿರುಗಿಸಿದಳು. ಬಸ್ಸು ತುಂಬಿದೆ, ಕಂಡಕ್ಟರ್ ಕೂಗುತ್ತಿದ್ದಾನೆ: "ಹಿಂದೆ ಹೋಗಿ, ಹಿಂದೆ ಖಾಲಿ ಇದೆ!" ಜನ ಹಿಂದೆ ಹೋಗುತ್ತಾರೆ. ಒಂದೊಂದು ಸೀಟು ದಾಟಿದಂತೆ ಒಂದೊಂದು ಕಾಲ. ನಡುವಿನ ಸೀಟಿಗೆ ಬಂದವರಿಗೆ ಕಿಟಕಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿದು, ಮುಳುಗಿದ್ದ ಗದ್ದೆಗಳ ಮೇಲೆ ಎತ್ತಿನ ಗಾಡಿ ಕಾಣುತ್ತದೆ. ಕಡೆಯ ಉದ್ದ ಸೀಟಿನವರು ನಗರ ಎಂಬ ಹಳೆಯ ಊರಿನ ಕೋಟೆ ಬಾಗಿಲಲ್ಲಿ ಇಳಿಯುತ್ತಾರೆ. ಕೋಟೆ ಹೊಸದು, ಕಾವಲುಗಾರ ಟಿಕೆಟ್ ಕೇಳುತ್ತಾನೆ.

ಜೀವಮಾನದಲ್ಲಿ ನಾನು ಆ ಮಾತನ್ನು ಎಷ್ಟು ಸಾವಿರ ಸಲ ಕೂಗಿದ್ದೇನೋ. ಅದಕ್ಕೆ ಇನ್ನೊಂದು ಅರ್ಥ ಇದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಗು ಬಂತು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಎಂಟೂ ಹತ್ತಾಯ್ತು, ನಗ್ತಾ ಕೂತಿದಾರೆ ಇವರು!" ಎಂದಳು.

ನಾನು ಕೆಲವು ತಿದ್ದುಪಡಿ ಹೇಳಿದೆ. ಒಂದು ಸೀಟಿ ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ಅವಳು ಉಲ್ಟಾ ಬರೆದಿದ್ದಳು. ಒಂದು ಸೀಟಿಗೆ ಇಡೀ ಊರಿನ ಹೊತ್ತು ನಿಲ್ಲಬೇಕು, ಎರಡಕ್ಕೆ ಮತ್ತೆ ನಡೆಯಬೇಕು ಎಂದೆ. "ಸೂಪರ್!" ಎಂದು ಬರೆದುಕೊಂಡಳು. ಹೀರೋಗೆ ಒಂದು ಮಿತಿ ಇರಬೇಕು ಎಂದೂ ಹೇಳಿದೆ. ಮನಸ್ಸಿಗೆ ಬಂದಲ್ಲಿ ಓಡಾಡಿದರೆ ಅದು ಬಸ್ಸಲ್ಲ.

"ಮಿತಿ ಇದೆ ಸಣ್ಣಜ್ಜ. ರೂಟ್ ಪರ್ಮಿಟ್. ಸಾಗರ, ಹೊಸನಗರ, ತೀರ್ಥಹಳ್ಳಿ ಬಿಟ್ಟು ಆಚೆ ಹೋಗಂಗಿಲ್ಲ. ಆಗುಂಬೆ ಘಾಟಿ ಇಳಿದ್ರೆ ಶಕ್ತಿ ಕ್ಯಾನ್ಸಲ್."

"ಭೇಷ್."

"ಇನ್ನೊಂದು ಇದೆ. ಯಾವ ದಿನಕ್ಕೆ ಬೇಕಾದ್ರೂ ಹೋಗಬಹುದು, ಒಂದು ದಿನಕ್ಕೆ ಮಾತ್ರ ಪರ್ಮಿಟ್ ಇಲ್ಲ. ಶಕ್ತಿ ಬಂತಲ್ಲ, ಆ ದಿನಕ್ಕೆ." ಅವಳು ಒಂಬತ್ತನೆಯ ಪುಟ ತೆಗೆದಳು.

ಪುಟದ ತುಂಬಾ ಒಂದೇ ಚಿತ್ರ. ಹೊಸನಗರದ ಹಳೆಯ ಬಸ್ ಸ್ಟ್ಯಾಂಡು. ಬಸ್ಸು ಹೊರಟಿದೆ. ಬಾಗಿಲಲ್ಲಿ ನಿಂತ ಕಂಡಕ್ಟರ್ ಹಿಂದಿರುಗಿ ನೋಡುತ್ತಿದ್ದಾನೆ, ಕಣ್ಣಲ್ಲಿ ನೀರು. ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಏಳು. ಧೂಳಿನಲ್ಲಿ ಒಬ್ಬ ಹೆಂಗಸು ಓಡಿ ಬರುತ್ತಿದ್ದಾಳೆ. ಅವಳಿಗೆ ಮುಖ ಬರೆದಿರಲಿಲ್ಲ.

ಆ ಹೆಂಗಸು ನನ್ನ ಅಕ್ಕ.

ಈ ಕಥೆಯನ್ನು ಹುಡುಗಿಗೆ ಹೇಳಿದವನು ನಾನೇ. ಅವಳಿಗಷ್ಟೇ ಅಲ್ಲ, ಸಾಗರದ ಸ್ಟ್ಯಾಂಡಿಗೆ ತಡವಾಗಿ ಬಂದ ಪ್ರತಿಯೊಬ್ಬ ಡ್ರೈವರಿಗೂ ಹೇಳಿದ್ದೇನೆ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಓದಿದ ಮೊದಲನೆಯವಳು. ಸಾಗರದಲ್ಲಿ ಟೀಚರ್ ಟ್ರೇನಿಂಗಿಗೆ ಸಂದರ್ಶನವಿತ್ತು. ನಮ್ಮ ಹಳ್ಳಿಯಿಂದ ಹೊಸನಗರಕ್ಕೆ ನಡೆದು ಬಂದು, ಏಳು ಗಂಟೆಗೆ ಹೊರಡುವ ನನ್ನ ಬಸ್ಸನ್ನೇ ಹಿಡಿಯಬೇಕಿತ್ತು. ಹಿಂದಿನ ದಿನವೇ ಅವಳಿಗೆ ಹೇಳಿದ್ದೆ, ಅಕ್ಕ ಅಂತ ನಿಲ್ಲಿಸುವುದಿಲ್ಲ ಎಂದು. ನಿಲ್ಲಿಸಲಿಲ್ಲ. ಸಾಗರದ ಮುಂದಿನ ಬಸ್ಸಿನಲ್ಲಿ ಬಂದವಳು ಸಂದರ್ಶನ ಮುಗಿದ ಮೇಲೆ ಮುಟ್ಟಿದಳು. ಮಾರನೆಯ ವರ್ಷ ಮದುವೆಯಾಗಿ ತೀರ್ಥಹಳ್ಳಿಗೆ ಹೋದಳು. ಹೊಲಿಗೆ ಮೆಷಿನ್ ಇಟ್ಟುಕೊಂಡಳು. "ಸ್ವಂತ ಅಕ್ಕನಿಗೇ ಬಸ್ ನಿಲ್ಲಿಸದವನು ನಾನು, ನಿನಗೆ ನಿಲ್ಲಿಸ್ತೀನಾ?" ಈ ಮಾತಿನ ಮುಂದೆ ಯಾವ ಡ್ರೈವರೂ ಉಸಿರೆತ್ತುತ್ತಿರಲಿಲ್ಲ.

ಹೇಳುವಾಗ ಅದು ಬಸ್ಸಿನ ಕಥೆಯಾಗಿತ್ತು. ಕಾಗದದ ಮೇಲೆ ಅದು ಓಡುತ್ತಿರುವ ಹೆಂಗಸಿನದಾಗಿ ಕಂಡಿತು.

"ಈ ಪುಟ ತೆಗಿ," ಎಂದೆ.

"ತೆಗೆದ್ರೆ ಹೀರೋ ಎಲ್ಲಿಂದ ಬಂದ ಅಂತ ಹೇಳೋದು? ಇದೇ ಇವನ ಹುಟ್ಟು."

"ಸಿಡಿಲು ಹೊಡೀತು ಅಂತ ಬರಿ."

"ಸಿಡಿಲು ಎಲ್ಲಾರಿಗೂ ಹೊಡೀತದೆ ಸಣ್ಣಜ್ಜ!" ಅವಳ ಕಣ್ಣು ತುಂಬಿ ಬಂತು, ಮೂರು ತಿಂಗಳ ಕೆಲಸ. ಹಾಳೆಗಳನ್ನು ಒಟ್ಟು ಮಾಡುತ್ತಾ ಹೇಳಿದಳು, "ಅಜ್ಜಿ ಬೇಡ ಅಂದ್ರೆ ತೆಗೀತೀನಿ. ನೀವು ಬೇಡ ಅಂದ್ರೆ ತೆಗೆಯಲ್ಲ."

ಆ ದಿನ ನಾನು ಕೂತಲ್ಲಿ ಕೂರಲಿಲ್ಲ. ಪೇಪರ್ ಹಿಡಿದರೆ ಅಕ್ಷರ ನಿಲ್ಲಲಿಲ್ಲ. ಮಧ್ಯಾಹ್ನದ ನಿದ್ದೆ ಒಂದೂವರೆಯಿಂದ ಎರಡೂಕಾಲು. ಅಂದು ಗೇಟಿನ ತನಕ ಹೋಗುವುದು, ಬರುವುದು ಮಾಡಿದೆ. ಹೆಂಡತಿ ಎರಡು ಸಲ ಬಿ.ಪಿ. ನೋಡಿಸಿಕೊಳ್ಳಿ ಎಂದಳು. ಅಕ್ಕ ಬೇಡ ಎಂದೇ ಹೇಳುತ್ತಾಳೆ, ಯಾರಿಗೆ ತಾನೇ ತನ್ನ ಅವಮಾನ ಅಚ್ಚಾಗುವುದು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಬೆಳಿಗ್ಗೆ ಆ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ಬಸ್ಸು ನಾಲ್ಕು ನಿಮಿಷ ತಡ. ಡ್ರೈವರು ಚಹಾ ಕುಡಿಯುತ್ತಿದ್ದ. ಹೊಸನಗರದಲ್ಲಿ ಜನ ನುಗ್ಗಿದರು. ನಾನು ಸೀಟು ಬಿಟ್ಟು ಎದ್ದು ಹಳೆಯ ಸ್ಟ್ಯಾಂಡ್ ಇದ್ದ ಜಾಗ ಕಾಣುತ್ತದೋ ಎಂದು ಬಾಗಿಲ ಬಳಿ ಬಗ್ಗಿ ನೋಡುತ್ತಿದ್ದೆ.

"ಅಜ್ಜಾರೇ, ಬಾಗಿಲಲ್ಲಿ ಎಂತ ಹುಡುಕ್ತಿದೀರಿ? ಹಿಂದೆ ಹೋಗಿ, ಹಿಂದೆ ಖಾಲಿ ಇದೆ," ಎಂದ ಕಂಡಕ್ಟರ್.

"ಅಲ್ಲಿಗೇ ಹೊರಟಿದೀನಿ ಮಾರಾಯ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ನನ್ನ ಸೀಟಿನಲ್ಲಿ ಯಾರೋ ಕೂತಿದ್ದರು. ತೀರ್ಥಹಳ್ಳಿಯವರೆಗೂ ನಿಂತೇ ಹೋದೆ.

ಅಕ್ಕ ತಾರಸಿಯ ಮೇಲೆ ಹಲಸಿನಕಾಯಿ ಹಪ್ಪಳ ಒಣಗಲು ಹಾಕುತ್ತಿದ್ದಳು. ಎಪ್ಪತ್ತೆಂಟಾದರೂ ಬಗ್ಗಿ ಕೆಲಸ ಮಾಡುತ್ತಾಳೆ. ನನ್ನನ್ನು ನೋಡಿ, "ಫೋನ್ ಮಾಡ್ದೆ ಬಂದ್ಯಾ? ನೀನು? ಯಾರಾದ್ರೂ ಹೋದ್ರೇನಾ?" ಎಂದಳು.

"ಯಾರೂ ಹೋಗ್ಲಿಲ್ಲ. ಒಂದು ವಿಷಯ ಇತ್ತು."

"ಹಂಗಾದ್ರೆ ಈ ಕೋಲು ಹಿಡಿ. ಕಾಗೆ ಕಾಯ್ತಾ ವಿಷಯ ಹೇಳು."

ಕೋಲು ಹಿಡಿದು ಚಾಪೆಯ ತುದಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಹೀರೋ, ಸೀಟಿ, ಪರ್ಮಿಟ್. ಹಿಂದೆ ಹೋಗುವ ಜನರ ವಿಷಯಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡೆಗೆ ಹಾಳೆ ಬಿಡಿಸಿ ಕೊಟ್ಟೆ. ಅಕ್ಕ ಕನ್ನಡಕ ಒರೆಸಿಕೊಂಡು ನೋಡಿದಳು.

"ಇದ್ಯಾರು ಇಷ್ಟು ದಪ್ಪ?"

"ನೀನು."

"ನಾನಾ! ಆಗ ಕಡ್ಡಿ ಇದ್ದ ಹಂಗಿದ್ದೆ. ಈಗಿನ ಅಜ್ಜೀನ ನೋಡಿ ಬರ್ದಿದಾಳೆ ಹುಡುಗಿ."

"ಅದಕ್ಕೇ ಹೇಳ್ತಿರೋದು, ಬೇಡ ಅನ್ನು. ಪ್ರೆಸ್ಸಿಗೆ ನಾಳೆ ಕೊಡ್ಬೇಕು. ನೀನು ಬೇಡ ಅಂದ್ರೆ ತೆಗೀತಾಳಂತೆ."

ಅವಳು ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಹಿಟ್ಟು ಮೆತ್ತಿದ ಬೆರಳನ್ನು ಗಡಿಯಾರದ ಮೇಲಿಟ್ಟಳು. "ಇದು ತಪ್ಪು. ಏಳು ಆಗಿರ್ಲಿಲ್ಲ."

"ಏಳಕ್ಕೇ ಬಿಟ್ಟಿದ್ದು."

"ಇಲ್ಲ ಮಾರಾಯ. ನಾನು ಸ್ಟ್ಯಾಂಡಿಗೆ ಕಾಲಿಟ್ಟಾಗ ಬಸ್ಸು ಹೊರಟಿತ್ತು. ಹಿಂದೆ ಓಡ್ದೆ. ನೀವು ತಿರುವು ದಾಟಿ ಹೋದ್ರಿ. ನಾನು ಹೋಟೆಲ್ ಎದುರು ಏದುಸಿರು ಬಿಡ್ತಾ ನಿಂತಿದ್ದೆ. ಆವಾಗ ಹೋಟೆಲಿನ ರೇಡಿಯೋದಲ್ಲಿ ಟೂಂ ಟೂಂ ಅಂತ ಏಳು ಹೊಡೀತು. ಆಮೇಲೆ ಹೊಡೀತು. ನಾನು ನಿಂತು ಕೇಳಿದೀನಿ."

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ನಮ್ಮ ಹಿಂದೆ ಹತ್ತು ನಿಮಿಷಕ್ಕೆ ಬೇರೆ ಮಾಲೀಕರ ಬಸ್ಸಿತ್ತು; ಅದು ಸಾಗರಕ್ಕಲ್ಲ, ಅರ್ಧ ದಾರಿ ನಮ್ಮ ರೂಟಿನಲ್ಲೇ ಬಂದು ಬೇರೆ ಕಡೆ ತಿರುಗುತ್ತಿತ್ತು. ದಾರಿಯ ಜನರನ್ನೆಲ್ಲ ನಾವೇ ಎತ್ತಿಕೊಳ್ಳಬೇಕೆಂದು ನಮ್ಮ ಬಸ್ಸಿನವರೆಲ್ಲ ಕೈಗಡಿಯಾರವನ್ನು ಮೂರು ನಿಮಿಷ ಮುಂದಿಟ್ಟುಕೊಳ್ಳುತ್ತಿದ್ದೆವು. ಯಾರಾದರೂ ಜಗಳಕ್ಕೆ ಬಂದರೆ ಕೈ ಚಾಚಿ ತೋರಿಸುವುದು, ನೋಡಿ, ಏಳಾಗಿದೆ. ಕೆಲಸಕ್ಕೆ ಸೇರಿದ ವಾರ ಹಿರಿಯ ಕಂಡಕ್ಟರ್ ಕಲಿಸಿದ ಮೊದಲ ಪಾಠ ಅದು. ದಿನವೂ ಅದನ್ನೇ ನೋಡಿ ನೋಡಿ ಅದೇ ನಿಜವಾದ ಹೊತ್ತು ಎಂದು ನಂಬಿದ್ದೆ. ಊರಿಗಿಂತ ಮೂರು ನಿಮಿಷ ಮುಂದೆ ಬದುಕುತ್ತಿದ್ದೆ. ಮೊಮ್ಮಗಳು ಕೊಟ್ಟ ಶಕ್ತಿಗಳಲ್ಲಿ ಇದೊಂದು ಇರಲಿಲ್ಲ.

ಕಾಗೆಯೊಂದು ಬಂದು ಹಪ್ಪಳ ಕಚ್ಚಿತು. ಅಕ್ಕ ನನ್ನ ಕೈಯಿಂದ ಕೋಲು ಕಿತ್ತು ಓಡಿಸಿದಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಕೇಳಿದ್ಯಾ? ನೀನು ಹೇಳ್ತಾನೇ ಇದ್ದೆ." ಕೋಲು ಪಕ್ಕಕ್ಕಿಟ್ಟು ಅವಳೇ ಮುಂದುವರಿಸಿದಳು, "ಅವತ್ತೇ ಹೇಳಿದ್ರೆ ಅಪ್ಪ ಸೀದಾ ಬಸ್ಸಿನ ಧಣಿಗಳ ಮನೆಗೆ ಹೋಗ್ತಿದ್ರು. ನಿನ್ನ ಕೆಲಸ ಖಾಯಂ ಆಗಿ ವಾರ ಆಗಿರ್ಲಿಲ್ಲ. ನನ್ನದಂತೂ ಹೋಯ್ತು, ನಿನ್ನದೂ ಹೋಗ್ಲಾ? ಆಮೇಲೆ ನೋಡಿದ್ರೆ ನೀನು ಅದನ್ನೇ ದೊಡ್ಡಸ್ತಿಕೆ ಮಾಡ್ಕಂಡು ಊರೆಲ್ಲ ಹೇಳ್ತಿದೀಯ. ಮದುವೆ ಮನೇಲಿ ಹೇಳ್ತೀಯ, ತಿಥಿ ಊಟದಲ್ಲಿ ಹೇಳ್ತೀಯ. ನಾನು ಬಡಿಸ್ತಾ ಇರ್ತೀನಿ, ನೀನು ಹೇಳ್ತಾ ಇರ್ತೀಯ."

ನಾನು ಎದ್ದೆ, ಕೂತೆ, ಮತ್ತೆ ಎದ್ದು ತಾರಸಿಯ ಆ ತುದಿಗೆ ಹೋದೆ. ಬಿಸಿಲಿಗೆ ಕಾಲು ಸುಡುತ್ತಿತ್ತು. ಅಲ್ಲಿಂದಲೇ ಕೇಳಿದೆ, "ಹಂಗಾದ್ರೆ ಪುಟ ತೆಗೆಸ್ಲಾ?"

"ಎಂತಕ್ಕೆ ತೆಗೆಸ್ತೀಯ? ನಾನು ಓಡಿದ್ದನ್ನ ಯಾರೂ ನೋಡ್ಲಿಲ್ಲ. ಈಗಾದ್ರೂ ನಾಲ್ಕು ಜನ ನೋಡ್ಲಿ. ಗಡಿಯಾರ ಮಾತ್ರ ಸರಿ ಮಾಡ್ಸು. ನೀನೇ ಹೇಳ್ಬೇಕು ಅವಳಿಗೆ, ನಾನು ಹೇಳಲ್ಲ."

ನಾನು ಹುಡುಗಿಗೆ ಫೋನ್ ಹಚ್ಚಿದೆ. ಎರಡೇ ರಿಂಗಿಗೆ ಎತ್ತಿದಳು. "ಅಜ್ಜಿ ಬೇಡ ಅಂದ್ರಾ?"

"ಇಲ್ಲ. ಪುಟ ಇರ್ಲಿ. ಗಡಿಯಾರದಲ್ಲಿ ಏಳು ಅಳಿಸಿ ಮೂರು ನಿಮಿಷ ಕಮ್ಮಿ ಮಾಡು."

"ಯಾಕೆ?"

ಹೇಳಿದೆ. ಗಡಿಯಾರ ಮುಂದಿಟ್ಟಿದ್ದು, ರೇಡಿಯೋ, ಎಲ್ಲವನ್ನೂ. ಅಷ್ಟು ವರ್ಷ ಬಸ್ಸಿನವರ ಮುಂದೆ ಎತ್ತಿದ ದನಿಯಲ್ಲಿ ಹೇಳಿಕೊಂಡು ಬಂದ ಕಥೆಯನ್ನು ಮೊದಲ ಸಲ ಮೆಲ್ಲಗೆ ಹೇಳಿದೆ.

"ಅಂದ್ರೆ ಹೀರೋದ್ದೇ ತಪ್ಪು," ಎಂದಳು.

"ಹೌದು. ಹಂಗೇ ಬರಿ."

"ಆಯ್ತು. ಓಡೋ ಹೆಂಗಸಿಗೆ ಇವತ್ತು ಮುಖ ಬರೀಬೇಕು ಸಣ್ಣಜ್ಜ. ಅದೊಂದು ಬಾಕಿ ಇದೆ. ನೀವು ಹಿಂದೆ ತಿರುಗಿ ನೋಡಿದಾಗ ಅಜ್ಜಿ ಹೆಂಗೆ ಕಾಣ್ತಿದ್ರು?"

ನಾನು ಹಿಂದೆ ನೋಡಿರಲೇ ಇಲ್ಲ. ಟಿಕೆಟ್ ಹರಿಯುತ್ತಿದ್ದೆ. ಅಕ್ಕ ಓಡಿ ಬಂದಳು ಎನ್ನುವುದು ನನಗೆ ಸಂಜೆ ಮನೆಯಲ್ಲಿ ಗೊತ್ತಾದದ್ದು. ಅದನ್ನೂ ಹೇಳಿದೆ.

"ಹಂಗಾದ್ರೆ ಕಣ್ಣೀರನ್ನೂ ಅಳಿಸ್ತೀನಿ," ಎಂದಳು ಹುಡುಗಿ.

ಅಕ್ಕ ಹತ್ತಿರ ಬಂದು ಫೋನ್ ಇಸಕೊಂಡಳು. ಸ್ಪೀಕರ್ ಹಾಕಲು ಅವಳಿಗೆ ಬರುವುದಿಲ್ಲ, ಗಟ್ಟಿಯಾಗಿ ಮಾತಾಡುತ್ತಾಳೆ. "ಬರ್ಕಾ. ದಪ್ಪ ಬೇಡ. ಎರಡು ಜಡೆ ಹಾಕಿದ್ದೆ. ಸೀರೆ ಅಮ್ಮಂದು, ನೀಲಿ, ನೆರಿಗೆ ಎಡಗೈಯಲ್ಲಿ ಎತ್ತಿ ಹಿಡಿದಿದ್ದೆ. ಚಪ್ಪಲಿ ಬಲಗೈಯಲ್ಲಿ. ಮಾರ್ಕ್ಸ್ ಕಾರ್ಡು ಬಾಯಲ್ಲಿ. ನಗ್ಬೇಡ, ಇನ್ನೆಲ್ಲಿ ಇಡ್ಲಿ? ಕೈ ಎರಡೂ ಖಾಲಿ ಇಲ್ಲ. ಆಮೇಲೆ ಅದನ್ನ ತೆಗೆದು ಕಂಕುಳಲ್ಲಿ ಇಟ್ಕಂಡೆ, ಕೂಗೋದಕ್ಕೆ."

ಹುಡುಗಿ ಏನೋ ಕೇಳಿರಬೇಕು.

"ತಮ್ಮಾ ಅಂತ ಕೂಗ್ಲಿಲ್ಲ. ಹಂಗೆ ಕೂಗಿದ್ರೆ ಇವನು ನಿಲ್ಲಿಸಲ್ಲ ಅಂತ ಗೊತ್ತಿತ್ತು, ಹಿಂದಿನ ದಿನವೇ ಹೇಳಿದ್ನಲ್ಲ. ಬಸ್ಸು ನಿಲ್ಲಿಸೋಕೆ ಬಸ್ಸಿನವರು ಕೂಗೋ ಹಂಗೇ ಕೂಗ್ದೆ. ಹೋಲ್ಡಾನ್ ಅಂತ."

ಮತ್ತೆ ಏನೋ ಕೇಳಿದಳು. ನಾನು ಬೆನ್ನು ತಿರುಗಿಸಿ ಮೆಟ್ಟಿಲ ಕಡೆ ನಡೆಯತೊಡಗಿದ್ದೆ.

"ದೊಡ್ಡ ಅಕ್ಷರದಲ್ಲೇ ಬರಿ. ಹೆಂಗೆ ಅಂದ್ರೆ..." ಎಂದು ಅಕ್ಕ ತಾರಸಿಯ ಮೇಲೆ ಬೆನ್ನು ನೇರ ಮಾಡಿ, ಕೆಳಗಿನ ರಸ್ತೆಯವರೆಲ್ಲ ತಲೆಯೆತ್ತಿ ನೋಡುವಂತೆ, ಅವತ್ತು ಕೂಗಿದ ಹಾಗೆಯೇ ಕೂಗಿ ತೋರಿಸಿದಳು.

ನಾನು ನಿಂತೆ.